ಬಾನೆಟ್ ಮೇಲೆ ಬಂದ ಮೊಟ್ಟೆಗಳು

ಶಿರಸಿ ಪೇಟೆಯಲ್ಲಿ ಸಿಗುವ ಮೊಟ್ಟೆಗಳಿಗೆ ಅಪ್ಪ ಇಲ್ಲ. ಈ ಸಂಗತಿ ಹುಸ್ನಾಳಿಗೆ ಹೊಳೆಯುವಷ್ಟರಲ್ಲಿ ಒಂದಿಡೀ ಟ್ರೇ ಮೊಟ್ಟೆ ಕಾಲೇಜಿನ ಇನ್‌ಕ್ಯುಬೇಟರಿನಲ್ಲಿ ಬೆಚ್ಚಗೆ ಮಲಗಿ, ಏನೂ ಆಗದೆ ಎದ್ದು ಬಂದಿತ್ತು. ಫಾರಂ ಕೋಳಿಗಳು ಹುಂಜದ ಮುಖವನ್ನೇ ನೋಡದೆ ಮೊಟ್ಟೆ ಇಡುತ್ತವೆ, ಒಳಗೆ ಭ್ರೂಣ ಎಲ್ಲಿಂದ ಬರಬೇಕು? ಇದನ್ನು ಪ್ರಾಜೆಕ್ಟಿನ ಗೈಡ್ ವಿಶ್ವೇಶ್ವರ ಸರ್ ಮೊದಲೇ ಹೇಳಬಹುದಿತ್ತು. "ನೀನು ಕೇಳಲೇ ಇಲ್ಲವಲ್ಲ" ಎಂದು ಅವರು ಕನ್ನಡಕ ಒರೆಸಿಕೊಂಡರು.

ಎಂಎಸ್‌ಸಿ ಪ್ರಾಣಿಶಾಸ್ತ್ರದ ಕೊನೆಯ ವರ್ಷದ ಹುಸ್ನಾ ಆರಿಸಿಕೊಂಡ ಪ್ರಾಜೆಕ್ಟ್, ಕೋಳಿಯ ಭ್ರೂಣದಲ್ಲಿ ಮಿದುಳು ಹೇಗೆ ಶುರುವಾಗುತ್ತದೆ ಎಂಬುದು. ಮೊದಲಿಗೆ ಅದೊಂದು ಚಪ್ಪಟೆ ಹಾಳೆ. ಹಾಳೆಯ ಎರಡು ಅಂಚು ಮೇಲೇಳುತ್ತವೆ, ಒಂದರ ಕಡೆಗೊಂದು ವಾಲುತ್ತವೆ, ಬ್ಯಾಗಿನ ಜಿಪ್ಪು ಎಳೆದಂತೆ ಕೂಡಿಕೊಂಡು ಕೊಳವೆಯಾಗುತ್ತವೆ. ಮುಂದೆ ಮಿದುಳು, ಬೆನ್ನುಹುರಿ ಎಲ್ಲವೂ ಆ ಕೊಳವೆಯ ಸಂಸಾರ. ಇದರ ಚೆಂದದ ಸ್ಲೈಡೊಂದು ಕಾಲೇಜಿನ ಕಪಾಟಿನಲ್ಲಿ ಇದ್ದೇ ಇತ್ತು. ಕಂಪನಿಯಿಂದ ಕೊಂಡ ಆ ಒಂದು ಭ್ರೂಣ, ವರ್ಷ ವರ್ಷವೂ ಫೋಟೋ ತೆಗೆಸಿಕೊಂಡು, ಎಷ್ಟೋ ಮಂದಿಯನ್ನು ಪಾಸು ಮಾಡಿಸಿತ್ತು. ಹುಸ್ನಾ ಮಾತ್ರ ಇಡೀ ತರಗತಿಯ ಎದುರು, ನಾನು ನನ್ನ ಕೈಯಾರೆ ಮಾಡಿದ್ದನ್ನೇ ಪರೀಕ್ಷೆಗೆ ಇಡುತ್ತೇನೆ ಎಂದುಬಿಟ್ಟಿದ್ದಳು. ಆಡಿದ ಮಾತನ್ನು ತರಗತಿಯವರು ಮರೆಯುವ ಪೈಕಿ ಅಲ್ಲ. "ಹುಸ್ನಾ, ಮರಿ ಹುಟ್ಟಿತಾ?" ಎಂದು ಕ್ಯಾಂಟೀನಿನಲ್ಲಿ ದಿನವೂ ಕೇಳುತ್ತಿದ್ದರು.

ದಾರಿ ತೋರಿಸಿದವಳು ಗೆಳತಿ ಚೇತನಾ. ಅವಳ ಅತ್ತೆ ತಿಮ್ಮಿಯ ಮನೆ ಅರಬೈಲಿನಲ್ಲಿ, ಅಲ್ಲಿ ನಾಟಿ ಕೋಳಿಗಳೂ ಇದ್ದವು, ದರ್ಪದ ಹುಂಜವೂ ಇತ್ತು. ಇನ್ನು ಸಾಗಾಟವೆಂದರೆ ಹುಸ್ನಾಳಿಗೆ ಮನೆಯ ವಿದ್ಯೆ. ಅವಳ ಅಮ್ಮನ ಅಣ್ಣ ಅಲ್ಲಾವುದ್ದೀನ್ ಬಸ್ ಡ್ರೈವರ್. ಅಂಕೋಲೆಯಲ್ಲಿ ಹೊರಟು, ಅರಬೈಲ್ ಘಾಟ್ ಹತ್ತಿ, ಯಲ್ಲಾಪುರದಲ್ಲಿ ಚಹಾ ಕುಡಿದು ಶಿರಸಿಗೆ ಬರುವ ಬಸ್ಸು ಅವನದು. ದಾರಿಯುದ್ದಕ್ಕೂ ಜನ ಅವನ ಕೈಗೆ ಏನೇನೋ ಕೊಡುತ್ತಿದ್ದರು: ಔಷಧದ ಬಾಟಲಿ, ಮದುವೆ ಕಾಗದ, ಮರೆತುಬಂದ ಹಲ್ಲಿನ ಸೆಟ್ಟು.

"ಮೊಟ್ಟೆ ಎಂತಕ್ಕೆ ಬೇಕು?" ಎಂದು ಅವನು ಫೋನಿನಲ್ಲಿ ಕೇಳಿದ್ದ.

"ಒಳಗಿನ ಮರಿ ನೋಡೋಕೆ, ಮಾಮೂ."

"ಮರಿ ಇರೋ ಮೊಟ್ಟೆಯಾ? ಹಂಗಾದ್ರೆ ಜೋಪಾನವಾಗಿ ತರ್ತೆ ಬಿಡು."

ತಂದ ಕೂಡ. ಭತ್ತದ ಹೊಟ್ಟಿನಲ್ಲಿ ಹೂತಿಟ್ಟ ಮೊಟ್ಟೆಗಳಲ್ಲಿ ಒಂದೂ ಒಡೆದಿರಲಿಲ್ಲ. ಹುಸ್ನಾ ಅವನ್ನು ಇನ್‌ಕ್ಯುಬೇಟರಿಗೆ ಇಟ್ಟು, ಒಂದೂವರೆ ದಿನ ಅದರ ಸುತ್ತ ಬಾಣಂತಿಯ ಅವ್ವನಂತೆ ಸುಳಿದಾಡಿದಳು. ಆಮೇಲೆ ಒಂದೊಂದನ್ನೇ ಬೆಚ್ಚಗಿನ ಉಪ್ಪುನೀರಿನ ಬಟ್ಟಲಲ್ಲಿ ಒಡೆದಳು. ಹಳದಿಯ ನೆತ್ತಿಯ ಮೇಲೆ ಭ್ರೂಣ, ಬೆರಳ ಉಗುರಿನಷ್ಟು ಮಬ್ಬು ಕಲೆ. ಅದರ ಸುತ್ತ ಶೋಧಕ ಕಾಗದದ ಉಂಗುರ ಅಂಟಿಸಿ, ಕತ್ತರಿಯಿಂದ ಬಿಡಿಸಿ, ಉಸಿರು ಬಿಗಿಹಿಡಿದು ಎತ್ತಿ ಬೋವಿನ್ ದ್ರಾವಣಕ್ಕೆ ಇಳಿಸಬೇಕು. ಅದು ಅಂಗಾಂಶವನ್ನು ಇದ್ದ ಹಾಗೇ ನಿಲ್ಲಿಸುವ ದ್ರಾವಣ, ಅದಕ್ಕೆ ಬಿದ್ದದ್ದು ಕೊಳೆಯುವುದಿಲ್ಲ, ಕುಗ್ಗುವುದಿಲ್ಲ. ಹುಸ್ನಾಳ ಬೆರಳುಗಳೂ ಅದರಲ್ಲಿ ಅದ್ದಿ ಅರಿಶಿನದ ಬಣ್ಣಕ್ಕೆ ತಿರುಗಿದವು.

"ಯಾರಿಗೂ ಹೇಳದೆ ಮದುವೆ ಆದ್ಯನೆ?" ಎಂದಳು ಚೇತನಾ.

"ಹೂಂ, ನಿನ್ನ ಅತ್ತೆ ಮನೆ ಹುಂಜದ ಜೊತೆ."

ಹಳದಿ ಬಿಡುವ ತನಕ ಆಲ್ಕೋಹಾಲಿನಲ್ಲಿ ತೊಳೆದಾಯಿತು. ಕಾರ್ಮೈನ್ ಎಂಬ ಕೆಂಪಿನಲ್ಲಿ ನೆನೆಸಿದ್ದಾಯಿತು. ಹೆಚ್ಚಿನ ಬಣ್ಣವನ್ನು ಆಮ್ಲ ಬೆರೆಸಿದ ಆಲ್ಕೋಹಾಲಿನಿಂದ ತೆಗೆಯುವಾಗ ತುಸು ಅವಸರಪಟ್ಟರೂ ಭ್ರೂಣ ಬೋಳಾಗುತ್ತದೆ, ತಡಮಾಡಿದರೆ ಟೊಮೇಟೊ ಸಿಪ್ಪೆಯಂತೆ ಒಂದೇ ಕೆಂಪು. ಹುಸ್ನಾ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಕೂತು, ಸರಿಯಾದ ಗಳಿಗೆಗೆ ತಡೆದಳು. ಕಡೆಗೆ ಲವಂಗದ ಎಣ್ಣೆಯಲ್ಲಿ ಇಳಿಬಿಟ್ಟಾಗ ಭ್ರೂಣ ಗಾಜಿನಂತೆ ತಿಳಿಯಾಯಿತು, ಪ್ರಯೋಗಾಲಯ ಹಲ್ಲುನೋವಿನ ಮನೆಯಂತೆ ಘಮಗುಟ್ಟಿತು.

ಬಣ್ಣ ಎಷ್ಟು ಚೆನ್ನಾಗಿ ಹಿಡಿದಿತ್ತೆಂದರೆ ಅವಳೇ ಬೆರಗಾದಳು. ಬೆನ್ನಿನ ಉದ್ದಕ್ಕೂ ಮಣಿ ಪೋಣಿಸಿದಂಥ ಗಂಟುಗಳು. ಹೃದಯದ ಪುಟ್ಟ ಬಾಗು. ತಲೆಯ ಬಳಿಗೆ ಬಂದಾಗ ಬೆರಗು ಅಲ್ಲೇ ನಿಂತಿತು. ಜಿಪ್ಪು ಮುಚ್ಚಿರಲಿಲ್ಲ. ಎರಡು ಅಂಚುಗಳು ಅತ್ತ ಇತ್ತ ಮಗುಚಿಕೊಂಡು, ತಲೆ ಆಕಾಶಕ್ಕೆ ತೆರೆದುಕೊಂಡಿತ್ತು. ಎರಡನೆಯದೂ ಹಾಗೆಯೇ. ಮೂರನೆಯದೂ. ಬೆಳೆದಿದ್ದವುಗಳಲ್ಲಿ ಒಂದೇ ಒಂದು ಭ್ರೂಣದ ತಲೆಯೂ ಮುಚ್ಚಿರಲಿಲ್ಲ.

ಕತ್ತರಿ ತಾಗಿ ಹರಿಯಿತೇ? ಹರಿದಿದ್ದರೆ ಅಂಚು ಚಿಂದಿಯಾಗಬೇಕು. ಇಲ್ಲಿ ನುಣುಪಾಗಿ ದುಂಡಗಿತ್ತು. ಇದು ಬೆಳೆಯುವಾಗಲೇ ಆದದ್ದು.

"ನಾಡಿದ್ದು ವೈವಾ" ಎಂದಳು ಚೇತನಾ, ಗದ್ದದಿಂದ ಕಪಾಟಿನ ಕಡೆ ತೋರಿಸುತ್ತ. "ಸುಮ್ನೆ ಆ ಸ್ಲೈಡ್ ಇಡೇ ಮಾರಾಯ್ತಿ. ಅದರ ತಲೆ ಮುಚ್ಚಿದೆ."

ಸಂಜೆ ಮನೆಗೆ ಬಂದರೆ ಅಲ್ಲಾವುದ್ದೀನ್ ಚಹಾದಲ್ಲಿ ಬಟರ್ ಬಿಸ್ಕತ್ತು ಅದ್ದುತ್ತ ಕೂತಿದ್ದ. "ಹೆಂಗಿವೆ ನನ್ನ ಪ್ಯಾಸೆಂಜರ್‌ಗಳು?" ಎಂದ. "ಮೊಟ್ಟೆಗೆ ಕಾವು ಬೇಕಲ್ಲ ಅಂತ ನಾನು ಎಲ್ಲಿಟ್ಟಿದ್ದೆ ಹೇಳು? ಇಂಜಿನ್ನಿನ ಬಾನೆಟ್ ಮೇಲೆ! ಮೇಲಿಂದ ನನ್ನ ಸ್ವೆಟರ್ ಹೊದಿಸಿ. ಘಾಟ್ ಹತ್ತುವಾಗ ಯಾವ ಕೋಳೀನೂ ಅಷ್ಟು ಬಿಸಿ ಕೊಡಲ್ಲ."

ಹುಸ್ನಾ ಬ್ಯಾಗನ್ನು ನೆಲಕ್ಕೆ ಕುಕ್ಕಿದಳು. "ಬಾನೆಟ್ ಮೇಲಾ? ಮೊಟ್ಟೆ ನನ್ನ ಹತ್ರ ಬರೋ ತನಕ ತಣ್ಣಗಿರಬೇಕಿತ್ತು ಮಾಮೂ! ಎಲ್ಲದರ ತಲೆ ಬೇಯಿಸಿಬಿಟ್ಟಿದ್ದೀರಿ! ಒಂದಕ್ಕೂ ಮಿದುಳು ಮುಚ್ಚಿಲ್ಲ!"

ಅಲ್ಲಾವುದ್ದೀನನ ಬಟರ್ ಮುರಿದು ಚಹಾದಲ್ಲಿ ಮುಳುಗಿತು. ಅವನು ಅದನ್ನು ಎತ್ತಲಿಲ್ಲ. "ನೀನು ಹೇಳ್ಲಿಲ್ವಲ್ಲ, ಬೇಟಾ" ಎಂದ. ಲೋಟ ಅಲ್ಲೇ ಬಿಟ್ಟು ಎದ್ದು ಹೋದ.

ಮಾರನೆಯ ದಿನ ಯಲ್ಲಾಪುರದ ಸ್ಟ್ಯಾಂಡಿನಿಂದ ಫೋನ್ ಮಾಡಿದ. ಹಿಂದೆ ಕಂಡಕ್ಟರನ ಸೀಟಿ ಕೇಳುತ್ತಿತ್ತು. "ಹುಸ್ನಾ, ಆ ಮರಿಗಳಿಗೆ ನೋವಾಗಿರತ್ತಾ?"

"ಇಲ್ಲ ಮಾಮೂ. ನೋವು ಗೊತ್ತಾಗೋಕೆ ಬೇಕಾದ್ದು ಇನ್ನೂ ಹುಟ್ಟೇ ಇರಲಿಲ್ಲ."

"ಅಷ್ಟಾದ್ರೂ ಆಯ್ತಲ್ಲ" ಎಂದ. ದನಿಯಲ್ಲಿ ಜೀವವಿರಲಿಲ್ಲ.

ವೈವಾದ ದಿನ ಹುಸ್ನಾ ಕಪಾಟಿನ ಬಾಗಿಲು ತೆರೆದಳು, ಕಂಪನಿಯ ಸ್ಲೈಡನ್ನು ಬೆಳಕಿಗೆ ಹಿಡಿದಳು. ಸೊಗಸಾಗಿತ್ತು. ಯಾರೋ, ಎಲ್ಲೋ, ಯಾವುದೋ ಕೋಳಿ. ಮರಳಿ ಇಟ್ಟಳು. ತನ್ನದನ್ನು ಸೂಕ್ಷ್ಮದರ್ಶಕದಡಿ ಕೂರಿಸಿ, ವರದಿಯ ಕೊನೆಗೆ ಒಂದು ಸಾಲು ಸೇರಿಸಿದಳು: ಸಾಗಾಟದಲ್ಲಿ ತಗುಲಿದ ಶಾಖದಿಂದ ನರಕೊಳವೆ ತಲೆಯ ಭಾಗದಲ್ಲಿ ಮುಚ್ಚಿಲ್ಲ.

ಧಾರವಾಡದಿಂದ ಬಂದಿದ್ದ ಪರೀಕ್ಷಕಿ ದೇವಕಿ ಮೇಡಂ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇದು ಕಪಾಟಿನ್ಯಾಗಿಂದು ಅಲ್ಲ" ಎಂದರು. "ಅದರ ಪರಿಚಯ ನನಗ ಛಲೋ ಅದ. ಹ್ವಾದ ವರ್ಷನೂ ಭೇಟಿ ಆಗಿತ್ತು."

"ನಂದೇ ಮೇಡಂ."

"ಬಣ್ಣ ಛಂದ ಹಿಡದದ. ತಲಿ ಯಾಕ ತಗದದ?"

ಹುಸ್ನಾ ಬಸ್ಸು, ಬಾನೆಟ್, ಸ್ವೆಟರ್ ಎಲ್ಲ ಹೇಳಿದಳು. ವಿಶ್ವೇಶ್ವರ ಸರ್ ಕಿಟಕಿಯಾಚೆ ನೋಡತೊಡಗಿದರು. ದೇವಕಿ ಮೇಡಂ ನಗಲಿಲ್ಲ.

"ಬಾನೆಟ್ ಎಷ್ಟು ಬಿಸಿ ಇತ್ರಿ?"

"ಅಳೆದಿಲ್ಲ ಮೇಡಂ."

"ಅದ ಬಸ್ಸಿನ್ಯಾಗ, ಅದ ಕೋಳಿ ಮೊಟ್ಟಿ, ತಣ್ಣಗ ಬಂದದ್ದು ಒಂದರೆ ಇತ್ತೇನು?"

"ಇಲ್ಲ."

"ಹಂಗಾದ್ರ ಘಾಟಿನ್ಯಾಗ ಕುಲುಕಾಡಿ ಹಿಂಗ ಆತೋ, ಆ ಕೋಳಿ ವಂಶನ ಹಿಂಗೋ, ಯಾರಿಗೆ ಗೊತ್ತು? ಶಾಖನೂ ಇರಬಹುದು. ಇರಬಹುದು ಬ್ಯಾರೆ, ಅದ ಅನ್ನೂದು ಬ್ಯಾರೆ. ಆ ಸಾಲು ಹೊಡದ್ ಹಾಕ್ರಿ."

ಹುಸ್ನಾ ಪೆನ್ನು ತೆಗೆದು ಸಾಲನ್ನು ಹೊಡೆದು ಹಾಕಿದಳು. ಹಾಕುವಾಗ ಕಿವಿ ಬಿಸಿಯಾಯಿತು. ನಾಚಿಕೆ ವೈವಾದ್ದಲ್ಲ. ಇದೇ ಮಾತನ್ನು, ಇದಕ್ಕಿಂತ ಜೋರಾಗಿ, ಪುರಾವೆ ಇಲ್ಲದೆ ಚಹಾ ಕುಡಿಯುತ್ತಿದ್ದ ಒಬ್ಬ ಮನುಷ್ಯನಿಗೆ ಅವಳು ಹೇಳಿಯಾಗಿತ್ತು.

"ಪಾಸಾಗೂದು ಆತು ಬಿಡ್ರಿ" ಎಂದರು ದೇವಕಿ ಮೇಡಂ, ಸೂಕ್ಷ್ಮದರ್ಶಕಕ್ಕೆ ಮತ್ತೆ ಬಗ್ಗುತ್ತ. "ಇದನ್ನ ಇನ್ನೊಮ್ಮೆ ಮಾಡ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಹೊರಗೆ ಬಂದವಳೇ ಫೋನ್ ಹಚ್ಚಿದಳು. ಅಲ್ಲಾವುದ್ದೀನ್ ಎತ್ತಿದ.

"ಮಾಮೂ, ಪಾಸಾಯ್ತು. ನಿಮ್ಮಿಂದ ಹಾಗಾಯ್ತು ಅಂದೆನಲ್ಲ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಅಂದುಬಿಟ್ಟೆ. ಮಾಫ್ ಮಾಡಿ."

"ಹಂಗಾದ್ರೆ ನಾನು ಮಾಡಿದ್ದಲ್ವಾ?"

"ಅದೂ ಗೊತ್ತಿಲ್ಲ. ಇನ್ನೊಂದು ಸಲ ತರಬೇಕು. ಅರ್ಧ ಬಾನೆಟ್ ಮೇಲೆ, ಥರ್ಮಾಮೀಟರ್ ಇಟ್ಟು. ಅರ್ಧ ನೆರಳಲ್ಲಿ, ತಣ್ಣಗೆ, ಸೀಟಿನ ಮೇಲೆ."

ಅಲ್ಲಾವುದ್ದೀನನ ದನಿಗೆ ಜೀವ ಬಂತು.

"ಸೀಟಿನ ಮೇಲೆ ಅಂದ್ರೆ ಕಂಡಕ್ಟರ್ ಟಿಕೆಟ್ ಕೇಳ್ತಾನೆ. ಫುಲ್ಲಾ, ಹಾಫಾ?"

"ಹಾಫ್" ಎಂದಳು ಹುಸ್ನಾ. "ಕಿಟಕಿ ಪಕ್ಕ ಬೇಡ ಮಾಮೂ, ಬಿಸಿಲು ಬೀಳತ್ತೆ."