ಮಂಗಳವಿಲ್ಲದೆ ಹುಟ್ಟಿದ ನಾಲ್ಕನೆಯ ಗಗನಪಥ

ನಾನು ಒಂದು ಸಿನಿಮಾ. ಸಿನಿಮಾ ಎಂದರೆ ಅದರ ಒಂದು ಪ್ರಿಂಟು. ತಗಡಿನ ಡಬ್ಬಿಗಳಲ್ಲಿ ಸುತ್ತಿಟ್ಟ ಉದ್ದನೆಯ ಮೈ. ಕತ್ತಲೆ ಕೋಣೆಯಲ್ಲಿ ಔಷಧದ ನೀರಿನಲ್ಲಿ ಮುಳುಗೆದ್ದು, ಬಿಸಿಗಾಳಿಗೆ ಒಣಗಿ ಈ ಲೋಕಕ್ಕೆ ಬಂದೆ. ಹುಟ್ಟಲು ಕತ್ತಲೆ, ಬದುಕಲು ಬೆಳಕು. ನಮ್ಮ ಜಾತಿಗೆ ಭಗವಂತ ಬರೆದದ್ದು ಇಷ್ಟೆ.

ನನಗೆ ಮೂವರು ಅಣ್ಣಂದಿರು: ಗಗನಪಥ, ಎರಡನೆಯ ಗಗನಪಥ, ಮೂರನೆಯ ಗಗನಪಥ. ಕ್ಯಾಪ್ಟನ್ ಅಗಸ್ತ್ಯ ಎಂಬ ವೀರ ತನ್ನ ನೌಕೆ ಏರಿ ಗ್ರಹದಿಂದ ಗ್ರಹಕ್ಕೆ ಹೋಗುವುದು, ಅಲ್ಲಿಯ ದುಷ್ಟರನ್ನು ಗೆಲ್ಲುವುದು, ಕೊನೆಗೆ ತಾಯಿಯ ಮನೆಗೆ ಬಂದು ಆರತಿ ಮಾಡಿಸಿಕೊಳ್ಳುವುದು. ಮೂರರಲ್ಲೂ ಕತೆಯ ಅಚ್ಚು ಇದೇ. ಜನ ಅಗಸ್ತ್ಯನ ಹಾಗೆ ಕೂದಲು ಬಾಚಿದರು. ತೊಟ್ಟಿಲ ಮಕ್ಕಳಿಗೆ ಅವನ ಹೆಸರಿಟ್ಟರು.

ನಾಲ್ಕನೆಯದಾದ ನನ್ನ ಹಣೆಬರಹ ಬೇರೆ. ಅಗಸ್ತ್ಯನ ಪಾತ್ರ ಮಾಡುತ್ತಿದ್ದ ನಟ ಮುನಿಸಿಕೊಂಡು ಹೋದ. ಅವನ ಜಾಗಕ್ಕೆ ಬೇರೊಬ್ಬನನ್ನು ತಂದು ನಿಲ್ಲಿಸಿದರು. ಮುಖ ಏಕೆ ಬದಲಾಯಿತೆಂದು ಕತೆಯಲ್ಲಿ ಯಾರೂ ಹೇಳಲಿಲ್ಲ. ನೌಕೆಯನ್ನು ತೂಗುಹಾಕಿದ ದಾರ ಬೆಳಕಿಗೆ ಮಿಂಚುತ್ತಿತ್ತು. ಕೆಂಪು ಗ್ರಹದ ಯುದ್ಧದ ನಡುವೆ ಹಿಂದುಗಡೆ ಒಂದು ಮೇಕೆ ಮೇಯುತ್ತಾ ದಾಟಿಹೋಗುತ್ತಿತ್ತು. ಇವೆಲ್ಲ ಮೈಮೇಲಿನ ಮಚ್ಚೆಗಳು. ನೋಡಿದವರು ನಕ್ಕು ಮರೆಯುತ್ತಾರೆ. ನನ್ನ ನಿಜವಾದ ಊನ ಇದ್ದದ್ದು ತುದಿಯಲ್ಲಿ. ನೌಕೆಯ ಹೊರಗೆ ರಿಪೇರಿಗೆ ಇಳಿದ ಅಗಸ್ತ್ಯನ ಹಗ್ಗ ಹರಿಯುತ್ತದೆ. ಅವನು ಕತ್ತಲಲ್ಲಿ ತೇಲುತ್ತಾ ದೂರವಾಗುತ್ತಾನೆ. ಏದುಸಿರು ಮಾತ್ರ ಕೇಳುತ್ತದೆ. ಆಮೇಲೆ ‘ಮುಂದುವರಿಯುವುದು’ ಎಂಬ ಅಕ್ಷರ. ಮುಗಿಯಿತು. ಐದನೆಯ ಭಾಗಕ್ಕೆ ಜನ ಕಾಯಲಿ ಎಂದು ಮಾಡಿದವರ ಲೆಕ್ಕಾಚಾರ. ಅಷ್ಟರಲ್ಲಿ ಅವರವರೇ ಜಗಳಾಡಿ ಚದುರಿಹೋದರು.

ಹೀಗಾಗಿ ನಾನು ಹೋದಲ್ಲೆಲ್ಲ ಜನ ಭಾರವಾಗಿ ಎದ್ದು ಹೋಗುತ್ತಿದ್ದರು. ಬಯ್ದವರ ಬಗ್ಗೆ ನನಗೆ ನೋವಿಲ್ಲ. ಬಯ್ಯದೆ ತಲೆ ತಗ್ಗಿಸಿ ಹೋದವರ ಬೆನ್ನುಗಳನ್ನು ನೋಡಿ ಸಂಕಟವಾಗುತ್ತಿತ್ತು.

ಹುಬ್ಬಳ್ಳಿಯ ಸಿನಿಮಾ ಆಫೀಸಿನಿಂದ ನನ್ನನ್ನು ಗುಳೇದಗುಡ್ಡದ ಆಚೆಯ ಒಂದು ನೇಕಾರರ ಊರಿಗೆ ಕಳಿಸಿದರು. ಮನೆಮನೆಯಲ್ಲೂ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ, ಹಗಲೆಲ್ಲ ಕುಪ್ಪಸದ ಖಣ ನೇಯುವ ಸದ್ದು. ಸಂಜೆ ಮಗ್ಗ ನಿಂತ ಮೇಲೆ ಊರು ಸಿನಿಮಾ ಟೆಂಟಿಗೆ ಬರುತ್ತಿತ್ತು. ಅಲ್ಲಿ ಮಷಿನ್ ನಡೆಸುವವನು ದಸ್ತಗೀರ. ನನ್ನನ್ನು ಮುಟ್ಟುವ ಮುನ್ನ ಕೈ ತೊಳೆದುಕೊಳ್ಳುತ್ತಿದ್ದ. ಅಷ್ಟು ಮರ್ಯಾದೆ ನನಗೆ ಅದೇ ಮೊದಲು.

ಮೊದಲ ದಿನ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಈರವ್ವ ಎಂಬ ನೇಕಾರಗಿತ್ತಿ ಕುಳಿತಿದ್ದಳು. ಪಕ್ಕದಲ್ಲಿ ತುಂಬು ಬಸುರಿಯಾದ ಸೊಸೆ ನೀಲವ್ವ. ನೀಲವ್ವನ ಗಂಡ ಮಾಗುಂಡಪ್ಪ ಬೋರ್‌ವೆಲ್ ಲಾರಿಯ ಜೊತೆ ಒಡಿಶಾ ಕಡೆ ಹೋದವನು. ಎರಡು ತಿಂಗಳಿಂದ ಸುದ್ದಿಯಿಲ್ಲ. ಸೊಸೆ ಸರಿಯಾಗಿ ಉಣ್ಣುತ್ತಿರಲಿಲ್ಲ. ಮನಸ್ಸು ಹಗುರಾಗಲಿ ಎಂದು ಅತ್ತೆಯೇ ಕರೆತಂದಿದ್ದಳು. ಅಗಸ್ತ್ಯನ ಸಿನಿಮಾ, ಕೊನೆಗೆ ಮನೆಗೆ ಬಂದೇ ಬರುತ್ತಾನೆ ಎಂಬ ಧೈರ್ಯ ಅವಳಿಗೆ.

ಹಗ್ಗ ಹರಿಯಿತು. ಅಕ್ಷರ ಬಂತು. ದೀಪ ಹತ್ತಿತು. ಗಂಡಸರ ಕಡೆಯಿಂದ ಹನಮಪ್ಪ ಎಂಬ ಕುಚೇಷ್ಟೆಯವನು ಕೂಗಿ ಹೇಳಿದ: “ಅಗಸ್ತ್ಯ ಅಂತ ಹೆಸರಿಟ್ಟ ಮ್ಯಾಲ ಹೊಳ್ಳಿ ಬರ್ತಾನೇನಪಾ? ಆ ಮುನಿ ವಿಂಧ್ಯ ಪರ್ವತಕ್ಕ ‘ನಾ ಬರೂತನಕ ಬಗ್ಗಿಕೊಂಡಿರು’ ಅಂತ ಹೇಳಿ ಹೋದಾಂವ, ಇವತ್ತಿಗೂ ಬಂದಿಲ್ಲ. ಗುಡ್ಡ ಇನ್ನೂ ಬಗ್ಗೇ ಐತಿ.”

ಜನ ನಕ್ಕು ಎದ್ದರು. ನೀಲವ್ವ ಏಳಲಿಲ್ಲ.

“ಏಳವಾ, ಹೋಗೂಣು” ಎಂದಳು ಈರವ್ವ.

“ಅಗಸ್ತ್ಯ ಮನಿಗೆ ಬಂದನೋ ಇಲ್ಲೋ, ಅತ್ತಿ?”

ಆ ಊರಿನಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಸುದ್ದಿ ಬಂತೇ ಎಂದು ಹಿರಿಯರ ಮುಂದೆ ಕೇಳುವುದೂ ಇಲ್ಲ. ಅಗಸ್ತ್ಯನ ಹೆಸರು ಹೇಳಲು ಅಡ್ಡಿಯಿಲ್ಲವಲ್ಲ. ಎರಡು ತಿಂಗಳು ಒಳಗೇ ನುಂಗಿದ್ದನ್ನೆಲ್ಲ ಅವಳು ಆ ಒಂದು ಹೆಸರಿನಲ್ಲಿ ಕೇಳಿದಳು. ಈರವ್ವನಿಗೆ ಅದು ತಿಳಿಯಿತು. ಖಾಲಿ ಪರದೆಯ ಮೇಲೆ ಕಣ್ಣಿಟ್ಟು ಕುಳಿತ ಸೊಸೆಯನ್ನು ಬಿಟ್ಟು ಅವಳು ಮಷಿನ್ ಕೋಣೆಯ ಬಾಗಿಲಿಗೆ ಬಂದಳು.

“ತಮ್ಮಾ ದಸ್ತಗೀರ, ಉಳದದ್ದು ಎಲ್ಲೈತಿ?”

“ಇಷ್ಟ ಐತಿ ಬೇ. ಮಾಡಿದವರು ಇಲ್ಲಿಗೇ ಬಿಟ್ಟಾರ.”

“ಹೀಂಗ ಬಿಟ್ರ ಹೆಂಗ? ಮಠದಾಗ ಪುರಾಣ ಹೇಳೋ ಸ್ವಾಮಿಗಳು ಸಾವಿನ ಜಾಗದಾಗ ಎಂದಾದ್ರೂ ಪುಸ್ತಕ ಮುಚ್ಚ್ಯಾರೇನು? ಹೊತ್ತಾದರೂ ಮುಂದಿನ ನಾಕು ಪದ್ಯ ಓದಿ, ಮಂಗಳ ಹಾಡಿನ ಮ್ಯಾಲ ನಮ್ಮನ್ನ ಏಳಸ್ತಾರ. ನಮ್ಮ ಮಗ್ಗದಾಗ ಎಳಿ ಹರದ್ರ ಹಂಗ ಬಿಟ್ಟು ಏಳತೀವೇನು? ಗಂಟು ಹಾಕೇ ಏಳತೀವಿ. ಬಸರಿ ಹೆಂಗಸು ಕುಂತಾಳ ಅಲ್ಲಿ.”

ದಸ್ತಗೀರ ಕಿಂಡಿಯಿಂದ ಇಣುಕಿ ನೋಡಿದ. ಆಮೇಲೆ ಹೊರಗೆ ಬಂದು ನೀಲವ್ವನಿಗೆ ಕೇಳುವಂತೆ ಹೇಳಿದ: “ಇನ್ನೊಂದು ತುಂಡು ಐತಿ ತಂಗಿ. ಇವತ್ತು ಹಚ್ಚೂದು ಮರತೆ. ನಾಳೆ ಬಾ.”

ಅದು ಸುಳ್ಳು. ಆದರೆ ಆ ಸುಳ್ಳನ್ನು ನಿಜ ಮಾಡಲು ಅವನು ಮರುದಿನ ಬೆಳಗಿನಿಂದಲೇ ಕುಳಿತ.

ಅವನ ಬಳಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಮಷಿನ್ನಿಗೆ ಸಿಕ್ಕು ಹರಿದ ಸಿನಿಮಾಗಳ ತುಂಡುಗಳನ್ನು ಎಸೆಯಲು ಮನಸ್ಸಾಗದೆ ಅದರಲ್ಲಿ ಇಡುತ್ತಿದ್ದ. ಅಲ್ಲಿ ನನ್ನ ಎರಡನೆಯ ಅಣ್ಣನ ತುದಿ ಸಿಕ್ಕಿತು. ಬಾಗಿಲು ತೆರೆಯುತ್ತದೆ. ತಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಅಗಸ್ತ್ಯ ತಲೆ ಬಗ್ಗಿಸಿ ಹೊಸ್ತಿಲು ದಾಟುತ್ತಾನೆ. ಒಂದು ತಾಂಬೂಲ ಮೆಲ್ಲುವಷ್ಟು ಹೊತ್ತೂ ಇಲ್ಲ. ದಸ್ತಗೀರ ನನ್ನ ‘ಮುಂದುವರಿಯುವುದು’ ಅಕ್ಷರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದ. ನನ್ನ ಅಂಚನ್ನು ಕೆರೆದು, ಅಂಟು ಸವರಿ, ಅಣ್ಣನ ತುಂಡನ್ನು ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಒತ್ತಿ ಹಿಡಿದಷ್ಟು ಹೊತ್ತು ಅವನ ತುಟಿ ಏನನ್ನೋ ಜಪಿಸುತ್ತಿತ್ತು. ಯಾವ ಹೆಸರಾದರೇನು, ಕೇಳುವವನು ಒಬ್ಬನೇ.

ಸಂಜೆ ಈರವ್ವ, ನೀಲವ್ವ ಅದೇ ಜಾಗದಲ್ಲಿ ಕುಳಿತರು. ಮೇಕೆ ದಾಟಿತು, ಜನ ನಕ್ಕರು. ಹಗ್ಗ ಹರಿಯಿತು. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ ನಡೆದದ್ದನ್ನು ನಾನೂ ಎಣಿಸಿರಲಿಲ್ಲ, ದಸ್ತಗೀರನೂ ಎಣಿಸಿರಲಿಲ್ಲ. ನಮ್ಮ ಮೈಯಲ್ಲಿ ಚಿತ್ರ ಒಂದು ಕಡೆ, ಅದರ ಸದ್ದು ಸ್ವಲ್ಪ ಆಚೆ ಇರುತ್ತದೆ. ಹಾಗಾಗಿ ಎರಡು ತುಂಡು ಅಂಟಿಸಿದಲ್ಲಿ ಹಿಂದಿನದರ ಸದ್ದು ಮುಂದಿನ ಚಿತ್ರದ ಮೇಲೆ ಒಂದು ಉಸಿರಿನಷ್ಟು ಚಾಚಿಕೊಳ್ಳುತ್ತದೆ. ಪರದೆಯ ಮೇಲೆ ಕತ್ತಲು ಹೋಗಿ ಬಾಗಿಲು ಬಂತು. ಬಾಗಿಲ ಮುಂದೆ ಅಗಸ್ತ್ಯನ ಏದುಸಿರು ಇನ್ನೂ ಕೇಳುತ್ತಿತ್ತು. ನಕ್ಷತ್ರಗಳಿಂದ ಒಂದೇ ಓಟದಲ್ಲಿ ಓಡಿಬಂದು ಹೊಸ್ತಿಲಲ್ಲಿ ನಿಂತ ಮನುಷ್ಯನ ಉಸಿರು. ಬಾಗಿಲು ತೆರೆಯಿತು. ಆರತಿ ಬೆಳಗಿತು. ಟೆಂಟಿನ ಜನವೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ಮಷಿನ್ ಕೋಣೆಯವರೆಗೆ ಕೇಳಿಸಿತು.

ಹನಮಪ್ಪ ಬಿಡುವವನಲ್ಲ. “ಏ, ಮುಖಾ ಬ್ಯಾರೆ ಐತಲ್ಲೋ. ಇಂವ ಹಳೇ ಅಗಸ್ತ್ಯ.”

ಈರವ್ವ ಕುಳಿತಲ್ಲಿಂದಲೇ ತಿರುಗಿದಳು. “ನೀ ಬಾಗಲಕೋಟಿ ಸಂತಿಗೆ ಹೋಗಿ ಬಂದ್ರ ನಿನ್ನ ಹೆಂಡತಿಗೆ ಗುರ್ತು ಸಿಗೂದಿಲ್ಲ. ಅಂವ ಆಕಾಶಕ್ಕ ಹೋಗಿ ಬಂದಾನ. ಮುಖಾ ಬದಲಾಗೂದಿಲ್ಲೇನು?”

ಇಡೀ ಟೆಂಟು ನಕ್ಕಿತು. ಆ ನಗೆಯ ನಡುವೆ ನೀಲವ್ವ ಮೆಲ್ಲಗೆ ನೆಲಕ್ಕೆ ಕೈಯೂರಿ ಎದ್ದಳು. “ಅತ್ತಿ, ಹಸಿವಾಗೈತಿ” ಎಂದಳು.

ನಾನು ಹುಟ್ಟಿದ್ದಕ್ಕೆ ಅರ್ಥ ಸಿಕ್ಕಿದ್ದು ಆ ಮಾತಿನಲ್ಲಿ.

ಆ ವಾರವೆಲ್ಲ ಅವರು ದಿನಾ ಬಂದರು. ಕೊನೆಯ ದಿನ ನೀಲವ್ವ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಟೆಂಟಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮನೆಗೆ ಬೀಗ ಕಂಡು ಬಸ್ಸಿನಿಂದ ಇಳಿಸಿದ ಚೀಲ ಹೊತ್ತೇ ಇಲ್ಲಿಗೆ ಬಂದವನು. ಗಡ್ಡ ಬೆಳೆದಿತ್ತು; ಗಲ್ಲ ಒಳಗೆ ಹೋಗಿತ್ತು; ಬಿಸಿಲಿಗೆ ಮೈ ಸುಟ್ಟಿತ್ತು. ಜ್ವರ ಬಂದು ದೂರದ ಆಸ್ಪತ್ರೆಯಲ್ಲಿ ಮಲಗಿದ್ದವನಿಗೆ ಅಲ್ಲಿಯ ಭಾಷೆ ಬರುತ್ತಿರಲಿಲ್ಲ, ಲಾರಿ ಮುಂದೆ ಹೋಗಿತ್ತು.

“ಯಾರವಾ ಇಂವ, ಹೆಂಗಸರ ಬಾಗಲದಾಗ?” ಎಂದಳು ಈರವ್ವ.

“ನಿಮ್ಮ ಮಗಾರಿ, ಅತ್ತಿ” ಎಂದಳು ನೀಲವ್ವ. “ಮುಖಾ ಅಷ್ಟ ಬ್ಯಾರೆ ಆಗೈತಿ.”

ಅವನನ್ನು ನಾನು ಕರೆತಂದೆ ಎನ್ನುವ ಅಹಂಕಾರ ನನಗಿಲ್ಲ. ಜ್ವರ ಇಳಿಸಿದವನು, ದಾರಿ ತೋರಿದವನು ಮೇಲಿದ್ದಾನೆ. ಅಲ್ಲಿಯವರೆಗೆ ಕಾಯುವವಳ ಹೊಟ್ಟೆಗೆ ನಾಲ್ಕು ತುತ್ತು ಇಳಿಯುವಂತೆ ಮಾಡಿದೆ, ಅಷ್ಟೆ.

ನಾನು ಮರಳಿ ಹೋದಾಗ ಹುಬ್ಬಳ್ಳಿಯ ಆಫೀಸಿನವರು ನನ್ನನ್ನು ಬಿಚ್ಚಿ ನೋಡಿ, “ಇದಕ್ಯಾರು ಬಾಲ ಹಚ್ಚಿದ್ದು?” ಎಂದು ಕಿತ್ತುಹಾಕಲು ಹೊರಟರು. ಅಷ್ಟರಲ್ಲಿ ಸುತ್ತಲಿನ ಟೆಂಟುಗಳಿಂದ ಹೇಳಿಕೆ ಬಂತು: “ಬಾಲ ಇರೋ ಅಗಸ್ತ್ಯನ್ನ ಕಳಸ್ರಿ.” ಬಾಲ ಉಳಿಯಿತು. ಊರೂರು ಸುತ್ತಿದೆ. ವರ್ಷಗಳ ಮೇಲೆ ಹಳೆಯ ನಟನೇ ಮರಳಿದ, ಐದನೆಯ ಗಗನಪಥ ಬಂತು. ಅದರಲ್ಲಿ ನನ್ನ ಸುದ್ದಿಯೇ ಇಲ್ಲ. ನಾನು ಹುಟ್ಟಿಯೇ ಇಲ್ಲವೆಂಬಂತೆ ಅಗಸ್ತ್ಯ ಮನೆಯಲ್ಲಿ ಕುಳಿತು ಊಟ ಮಾಡುತ್ತಿದ್ದ. ಹಗ್ಗ ಹರಿದವನು ಇಲ್ಲಿಗೆ ಹೇಗೆ ಬಂದ ಎಂದು ಬೇರೆ ಕಡೆಯ ಜನ ಗೊಂದಲಕ್ಕೆ ಬಿದ್ದರಂತೆ. ನೇಕಾರರ ಊರಿನಲ್ಲಿ ಯಾರೂ ಕೇಳಲಿಲ್ಲ. ಅವನು ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಆಮೇಲೆ ಟೆಂಟುಗಳು ಒಂದೊಂದಾಗಿ ಬಿಚ್ಚಿದವು. ನಾನು ಸೆಡೆತು ಸುರುಳಿಯಾದೆ. ಮುಪ್ಪಾದ ಫಿಲ್ಮಿಗೆ ಬರುವ ಹುಳಿ ವಾಸನೆ ಹತ್ತಿತು. ಆಫೀಸು ಮುಚ್ಚುವ ದಿನ ಡಬ್ಬಿಗಳನ್ನು ಗುಜರಿಯವನ ಗಾಡಿಗೆ ಹೇರುತ್ತಿದ್ದಾಗ ಮುದುಕನಾದ ದಸ್ತಗೀರ ಹೇಗೋ ಸುದ್ದಿ ತಿಳಿದು ಬಂದ. ಕೈ ತೊಳೆದುಕೊಂಡ. ಕೊನೆಯ ಡಬ್ಬಿ ಬಿಚ್ಚಿ, ಬಾಲವನ್ನೂ ಅದರ ಜೊತೆ ನನ್ನ ಒಂದು ಮೊಳವನ್ನೂ ನೀಲವ್ವನಿಗೆ ಕೊಡಲೆಂದು ಕತ್ತರಿಸಿಕೊಂಡ. ಉಳಿದ ನನ್ನ ಮೈ ಕರಗಿ ಬಳೆಗಳಾಯಿತಂತೆ. ಆಗಿದ್ದರೆ ಒಳ್ಳೆಯದೇ. ಎಷ್ಟೋ ಕೈಗಳಲ್ಲಿ ಸದ್ದು ಮಾಡುತ್ತಿರಬಹುದು.

ಈಗ ನಾನಿರುವುದು ನೀಲವ್ವನ ಮನೆಯ ದೇವರ ಜಗಲಿಯಲ್ಲಿ, ಬನಶಂಕರಿಯ ಪಟದ ಹಿಂದೆ, ಒಂದು ಪುಟ್ಟ ಡಬ್ಬಿಯೊಳಗೆ. ನನ್ನದೆಂದು ಉಳಿದದ್ದು ಮೊಳದಷ್ಟು, ಮಿಕ್ಕಿದ್ದು ಅಣ್ಣನದು. ಒಂದು ಚೌಕದಲ್ಲಿ ಹಗ್ಗ ಹರಿದ ಮನುಷ್ಯ, ಅದರ ಕೆಳಗಿನ ಚೌಕದಲ್ಲಿ ತಾಯಿಯ ಮನೆಯ ಬಾಗಿಲು. ನಡುವೆ ದಸ್ತಗೀರನ ಅಂಟಿನ ಗೆರೆ. ಜೀವಮಾನವೆಲ್ಲ ಯೋಚಿಸಿದ್ದೇನೆ. ಆ ಎರಡರ ನಡುವಿನ ದೂರ ಅಷ್ಟೇ ಇರಬೇಕು. ಒತ್ತಿ ಹಿಡಿಯುವ ಹೆಬ್ಬೆರಳು ಮಾತ್ರ ಬೇಕು.

ಮನೆಯವರು ಯಾರಾದರೂ ಪರಸ್ಥಳಕ್ಕೆ ಹೋದ ದಿನ ನೀಲವ್ವ ನನ್ನನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ. ಮಗ್ಗದ ಕುಣಿಯಲ್ಲಿ ಕುಳಿತ ಮಾಗುಂಡಪ್ಪ ಕೆಣಕುತ್ತಾನೆ:

“ಇನ್ನೂ ಆ ಅಗಸ್ತ್ಯನ್ನ ಕಾಯತೀಯೇನ?”

“ಕಾಯೂದ್ಯಾಕ? ಬಂದಾನೋ ಇಲ್ಲೋ ನೋಡತೀನಿ, ಅಷ್ಟ.”

“ಬಂದಾನೇನು?”

“ಬಂದಾನ.”

ಸುರುಳಿ ಸುತ್ತಿ ಮುಚ್ಚಳ ಹಾಕುತ್ತಾಳೆ. ಕತ್ತಲಾಗುತ್ತದೆ. ಹೊರಗೆ ಮಗ್ಗದ ಸದ್ದು ಮತ್ತೆ ಶುರುವಾಗುತ್ತದೆ. ಈ ಕತ್ತಲೆಗೆ ನನಗೀಗ ಅಂಜಿಕೆಯಿಲ್ಲ.