ಹಿಂದಿನ ಚಕ್ರದ ಬಿಗಿ

ಗ್ಯಾರೇಜ್ ಮೇಸ್ತ್ರಿಗೆ ಒಂದು ಹಟ: ತನ್ನ ರೇಸ್ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಬೇರೆ ಯಾರೂ ಮುಟ್ಟಕೂಡದು. ಡಿಕ್ಕಿ ಎತ್ತಿದರೆ ಎಡಕ್ಕೊಂದು, ಬಲಕ್ಕೊಂದು ಪುಟ್ಟ ತಿರುಪು. ತಿರುಗಿಸಿದರೆ ಟಿಕ್ ಅನ್ನುತ್ತದೆ, ಕಾರಿನ ಹಿಂಭಾಗ ಒಂದಿಷ್ಟು ಬಿಗಿಯಾಗುತ್ತದೆ, ಇಲ್ಲವೇ ಸಡಿಲಾಗುತ್ತದೆ. ತಾನು ಓಡಿಸುತ್ತಿದ್ದ ಕಾಲದಲ್ಲಿ ಕೂರಿಸಿದ ಬಿಗಿಯನ್ನು ಈ ಮಹಾಶಯರು ಜಪ್ಪಯ್ಯ ಅಂದರೂ ಬದಲಿಸಿರಲಿಲ್ಲ.

ಈಗ ಓಡಿಸುವವಳು ಸೊಸೆ. ಇವತ್ತು ಮಧ್ಯಾಹ್ನ ಅವಳಿಗೆ ಪರೀಕ್ಷೆ. ಗೆದ್ದರೆ ದೊಡ್ಡ ತಂಡದಲ್ಲಿ ಜಾಗ, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಬೆಳಗಿನ ಅಭ್ಯಾಸದಲ್ಲೇ ಟ್ರ್ಯಾಕಿನ ಕೊನೆಯ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಬಾಲ ಬೀಸಿತು.

"ಮಾವ, ಹಿಂದೆ ಬಿಗಿ ಜಾಸ್ತಿ ಆಯ್ತು ಅನ್ಸುತ್ತೆ," ಅಂದಳು ಹೆಲ್ಮೆಟ್ ತೆಗೆಯುತ್ತಾ.

"ಬಿಗಿ ಅಲ್ಲಮ್ಮಾ, ನಿನಗೆ ಭಯ ಜಾಸ್ತಿ. ನಾನು ಓಡಿಸೋವಾಗ ಇದೇ ತಿರುವಲ್ಲಿ ಕಮಕ್ ಕಿಮಕ್ ಅಂತಿರಲಿಲ್ಲ ಈ ಕಾರು!"

"ಹಾಗಾದ್ರೆ ಪಕ್ಕದಲ್ಲಿ ಕೂತ್ಕೊಳ್ಳಿ. ಒಂದೇ ಸುತ್ತು."

ಕೂತರು. ಅಯ್ಯೋ, ಯಾಕಾದರೂ ಕೂತರೋ! ಅವರ ಕಾಲಕ್ಕೆ ನುಣ್ಣಗಿದ್ದ ತಿರುವಿನಲ್ಲಿ ಈಗ ಟಾರೆಲ್ಲ ಕಿತ್ತು ಉಬ್ಬುತಗ್ಗು. ಬಿಗಿದುಕೊಂಡ ಹಿಂಚಕ್ರಗಳು ನೆಲಕ್ಕೆ ಕೂರದೆ ಪುಟಿದವು, ಹಿಂಭಾಗ ಸರ್ರನೆ ಪಕ್ಕಕ್ಕೆ ಹೋಯಿತು. ಮೇಸ್ತ್ರಿ ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ತುಳಿದದ್ದೇ ತುಳಿದದ್ದು. ಸೊಸೆ ತುಟಿ ಕಚ್ಚಿ ಸ್ಟೇರಿಂಗ್ ತಿರುಗಿಸಿ ಕಾರನ್ನು ದಾರಿಗೆ ತಂದಳು. ಮತ್ತೆ ಅದೇ ವೇಗದಲ್ಲಿ ಮುಂದಕ್ಕೋಡಿಸಿದಳು. ಇಂಥವಳಿಗೆ ಭಯ ಅಂದುಬಿಟ್ಟೆನಲ್ಲಾ ಅಂತ ಮೇಸ್ತ್ರಿಗೆ ನಾಚಿಕೆಯಾಯಿತು.

ಇಳಿದವರೇ ಡಿಕ್ಕಿ ಎತ್ತಿದರು. "ಎಷ್ಟು ಸಡಿಲ ಮಾಡ್ಲಿ? ನೀನೇ ಹೇಳು."

"ನಿಜವಾಗ್ಲೂ?"

"ಹೇಳಮ್ಮಾ ತಾಯಿ, ನನ್ನ ಮನಸ್ಸು ಬದಲಾಗೋದ್ರೊಳಗೆ!"

"ಮೂರು ಟಿಕ್. ಎರಡೂ ಕಡೆ."

ಒಂದೊಂದು ಟಿಕ್ಕಿಗೂ ತಮ್ಮ ಕಾಲದ ಬಿಗಿ ಕೈಜಾರಿ ಹೋಗುತ್ತಿತ್ತು. ಆದರೂ ತಿರುಗಿಸಿದರು. ಸೊಸೆ ಒಬ್ಬಳೇ ಒಂದು ಸುತ್ತು ಹೋಗಿ ಬಂದಳು.

"ಜಾರೋದು ನಿಂತಿದೆ ಮಾವ. ಆದ್ರೆ ಈಗ ತೂಗಾಡ್ತಿದೆ. ಒಂದು ಟಿಕ್ ವಾಪಸ್ ಬಿಗಿ ಮಾಡಿ."

'ನೋಡ್ದ್ಯಾ, ನಾನು ಹೇಳ್ಲಿಲ್ವಾ' ಅನ್ನುವ ಮಾತು ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡು ಬಗ್ಗಿದರು. ಎಡಕ್ಕೊಂದು ಟಿಕ್, ಬಲಕ್ಕೊಂದು ಟಿಕ್.

ಪರೀಕ್ಷೆ ಶುರುವಾದಾಗ ನೋಡುವ ಧೈರ್ಯ ಸಾಲದೆ ಟ್ರ್ಯಾಕಿಗೆ ಬೆನ್ನು ಹಾಕಿ ನಿಂತರು. ಕಿವಿ ಮಾತ್ರ ಕೊನೆಯ ತಿರುವಿನಲ್ಲೇ ಇತ್ತು. ಟೈರು ಕಿರುಚಲಿಲ್ಲ. ಎರಡನೇ ಸುತ್ತಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಮೇಸ್ತ್ರಿಗೆ ಕಣ್ಣು ಮಂಜಾಯಿತು.

ತಂಡದ ಮುಖ್ಯಸ್ಥ ನಗುತ್ತಾ ಬಂದ. "ಸೋಮವಾರದಿಂದ ನಿಮ್ಮ ಸೊಸೇನ ಕಳಿಸಿಕೊಡಿ. ಆ ಹಾಳು ತಿರುವಲ್ಲಿ ಕಾರು ನೆಲಕ್ಕೆ ಅಂಟ್ಕೊಂಡಂಗಿತ್ತಲ್ರೀ! ಹಿಂಚಕ್ರದ ಸೆಟ್ಟಿಂಗ್ ನಿಮ್ದೇ ತಾನೆ?"

ಹೂಂ ಅಂದಿದ್ದರೆ ಸೊಸೆ ಕೂಡ ಸುಮ್ಮನಿರುತ್ತಿದ್ದಳು.

"ನಂದಲ್ಲ ಸ್ವಾಮಿ," ಅಂದರು ಮೇಸ್ತ್ರಿ, ಎದೆಯುಬ್ಬಿಸಿ. "ಅವಳದ್ದು. ನಾನು ಬರೀ ತಿರುಗಿಸಿದ್ದು."