ಲಿಫ್ಟಿನ ಗುಂಡಿ ಬಿಡದ ಅಜ್ಜಿ

ಅಡ್ಯಾರಿನ ಆ ಶಾಲೆಯಲ್ಲಿ ಹನ್ನೊಂದನೇ ತರಗತಿಯವರು ಗ್ರೂಪ್ ಬದಲಾಯಿಸಲು ಅಂದೇ ಕೊನೆಯ ದಿನ. ತೇಜಸ್ ಬೆಳಿಗ್ಗೆಯೇ ಸ್ಟಾಫ್ ರೂಮಿಗೆ ಬಂದು, ಕಂಪ್ಯೂಟರ್ ಸೈನ್ಸ್ ತಲೆಗೆ ಹತ್ತುತ್ತಿಲ್ಲ, ಕಾಮರ್ಸಿಗೆ ಹೋಗುತ್ತೇನೆ ಎಂದು ವಾಸಂತಿ ಮಿಸ್‌ಗೆ ಹೇಳಿದ.

"ಅಪ್ಪ ಏನಂದ್ರು?"

"ಅಪ್ಪಾ ಓಕೆ ಸೊಲ್ಲಿಟ್ಟಾರ್ ಮಿಸ್." ಮನೆಮಾತು ಕನ್ನಡವಾದರೂ ಶಾಲೆಯ ಗೇಟು ದಾಟಿದರೆ ಅವನ ಬಾಯಿಗೆ ಮೊದಲು ಬರುವುದು ತಮಿಳು.

"ಇವತ್ತೊಂದು ಕ್ಲಾಸಿಗೆ ಬಾ. ಆಮೇಲೂ ಹೋಗ್ಬೇಕು ಅನ್ಸಿದ್ರೆ ನಾನೇ ಪ್ರಿನ್ಸಿಪಾಲರ ಹತ್ರ ಕರ್ಕೊಂಡು ಹೋಗ್ತೀನಿ."

ವಾಸಂತಿಗೆ ಅವನನ್ನು ಕಳುಹಿಸುವ ಮನಸ್ಸಿರಲಿಲ್ಲ. ಉತ್ತರ ತಪ್ಪಾದರೆ ಉಳಿದವರು ಪಕ್ಕದವರದನ್ನು ನೋಡಿ ತಿದ್ದಿಕೊಳ್ಳುತ್ತಿದ್ದರು. ತೇಜಸ್ ತನ್ನ ತಪ್ಪನ್ನೇ ನೋಡುತ್ತ ಕೂರುತ್ತಿದ್ದ.

ಅಂದಿನ ಪಾಠ ಫ್ಲೋಚಾರ್ಟ್. ಶುರುವಿಗೂ ಕೊನೆಗೂ ಮೊಟ್ಟೆಯಾಕಾರ, ಕೆಲಸಕ್ಕೆ ಚೌಕ, ಹೌದು-ಇಲ್ಲ ಎಂಬ ಪ್ರಶ್ನೆಗೆ ಡೈಮಂಡ್, ನಡುವೆ ಬಾಣಗಳು. ಮನೆಯಲ್ಲಿ ಮತ್ತೆ ಮತ್ತೆ ನಡೆಯುವ ಯಾವುದಾದರೂ ಒಂದನ್ನು ಬರೆಯಲು ವಾಸಂತಿ ಹೇಳಿದ್ದಳು. ಶ್ರೀಯಾ ನೀರಿನ ಲಾರಿ ಬಂದು ಸಂಪು ತುಂಬಿಸುವುದನ್ನು ಬರೆದಳು. ತೇಜಸ್ ಬೋರ್ಡಿನ ಮೇಲೆ ಬರೆದದ್ದು ಕ್ರೋಂಪೇಟೆಯ ಅತ್ತೆ ಅವನ ಮನೆಗೆ ಬಂದು ವಾಪಸ್ ಹೊರಡುವುದನ್ನು.

ಅತ್ತೆ 'ಬರ್ತೀನಿ' ಎಂದು ಲಿಫ್ಟಿನೊಳಗೆ ಹೋಗುತ್ತಾರೆ. ಬಾಗಿಲು ಮುಚ್ಚುವಷ್ಟರಲ್ಲಿ ಅಜ್ಜಿ ಹೊರಗಿನಿಂದ ಗುಂಡಿ ಒತ್ತುತ್ತಾರೆ. ಬಾಗಿಲು ತೆರೆಯುತ್ತದೆ. ಇಬ್ಬರೂ ಮಾತಾಡುತ್ತಾರೆ. ಆಮೇಲೆ ಡೈಮಂಡ್: ಅಜ್ಜಿಗೆ ಇನ್ನೂ ಮಾತಿದೆಯೇ? ಹೌದು ಎಂದರೆ ಬಾಣ ಮತ್ತೆ ಗುಂಡಿಯ ಚೌಕಕ್ಕೆ.

"'ಇಲ್ಲ' ಅನ್ನೋ ಬಾಣ ಎಲ್ಲಪ್ಪ?" ವಾಸಂತಿ ಕೇಳಿದಳು. ಕನ್ನಡ ಬಲ್ಲ ತೇಜಸ್, ಶ್ರೀಯಾ ಜೊತೆ ಅವಳು ಕನ್ನಡಕ್ಕೆ ಜಾರುವುದು ತರಗತಿಗೆ ಅಭ್ಯಾಸವಾಗಿತ್ತು.

"ಅದು ವರಾದು ಮಿಸ್. ಅಜ್ಜಿಗೆ ಮಾತು ಮುಗಿಯಲ್ಲ."

"ಪಾವಂ ಅತ್ತೆ, ಇನ್ನೂ ಲಿಫ್ಟಲ್ಲೇ ಇದಾರೆ! ಯಾರಾದ್ರೂ ಊಟ ಕೊಡ್ರೋ," ಎಂದಳು ಶ್ರೀಯಾ. ತರಗತಿ ನಕ್ಕಿತು.

ತೇಜಸ್ ಚಾಕ್ ಕೆಳಗಿಟ್ಟ. "ಇದಕ್ಕೇ ಮಿಸ್ ನಾನ್ ಹೇಳಿದ್ದು. ನಂಗಿದು ಬರಲ್ಲ."

"ಅತ್ತೆ ಕೊನೆಗೆ ಕ್ರೋಂಪೇಟೆ ಸೇರ್ತಾರೋ ಇಲ್ವೋ?"

"ಸೇರ್ತಾರೆ."

"ಹಾಗಾದ್ರೆ ಅಜ್ಜಿ ಯಾವಾಗ್ಲೋ ಕೈ ತೆಗೀತಾರೆ. ಯಾವಾಗ? ಊಹೆ ಬೇಡ, ನೆನಪು ಮಾಡ್ಕೊ."

"ಮೇಲಿನ ಮನೆಯೋರು 'ಲಿಫ್ಟ್, ಲಿಫ್ಟ್' ಅಂತ ಕೂಗಿದಾಗ." ಚಾಕ್ ಎತ್ತಿಕೊಂಡು ಹಾಗೇ ಬರೆದ.

"ಮಧ್ಯಾಹ್ನ ಯಾರೂ ಕೂಗದೇ ಇದ್ರೆ?"

ಅಂಗೈಯಿಂದ ಒರೆಸಿದ. ಬಹಳ ಹೊತ್ತು ಡೈಮಂಡನ್ನೇ ನೋಡುತ್ತ ನಿಂತ. "ಮಿಸ್, ಅತ್ತೆ ಮತ್ತೆ ಯಾವತ್ತು ಬರ್ತೀನಿ ಅಂತ ಹೇಳಿದ್ರೆ ಬಿಟ್ಬಿಡ್ತಾರೆ. ಅದುಕ್ಕಪ್ಪುರಂ ಗುಂಡಿ ಒತ್ತಲ್ಲ."

ವಾಸಂತಿಗೆ ತನ್ನ ಅಜ್ಜಿಯ ನೆನಪಾಯಿತು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವಳ ಅಜ್ಜಿ ಸಾಕಮ್ಮ ಹೀಗೆಯೇ ನಿಲ್ಲುತ್ತಿದ್ದರು. ಅರಸೀಕೆರೆಯಿಂದ ಬಂದ ನೆಂಟರು ಸೈಕಲ್ ರಿಕ್ಷಾ ಹತ್ತಿದ ಮೇಲೂ ಅದರ ಟಾಪಿನ ಕಂಬಿಯ ಮೇಲೆ ಅಜ್ಜಿಯ ಕೈ ಇರುತ್ತಿತ್ತು. ಮಡಿಲಕ್ಕಿಯ ಗಂಟು ಸರಿಯಾಗಿದೆಯೇ, ಮಗುವಿಗೆ ಟೋಪಿ ಹಾಕಿದೆಯಾ, ನೀರಿನ ಕೂಜ ಮರೆಯಲಿಲ್ಲ ತಾನೆ? ರಿಕ್ಷಾದವನು "ಟ್ರೈನು ಪೋಯಿಡುಂ ಪಾಟಿ" ಎಂದು ಗೊಣಗುತ್ತಿದ್ದ. ಆಗ ಒಳಗಿನಿಂದ ಯಾರೋ "ಗೌರಿ ಹಬ್ಬಕ್ಕೆ ಬರ್ತೀವಮ್ಮ" ಅನ್ನುತ್ತಿದ್ದರು. ರಿಕ್ಷಾ ಹೊರಡುತ್ತಿತ್ತು. ಟ್ರೈನು ತಪ್ಪುವ ಹೆದರಿಕೆಗೆ ಅಜ್ಜಿ ಕೈಬಿಟ್ಟರೆಂದೇ ವಾಸಂತಿ ಇಷ್ಟು ವರ್ಷ ಅಂದುಕೊಂಡಿದ್ದಳು. ಈಗ ಅವಳ ಮನೆಗೆ ಬಂದವರು ಮೊಬೈಲಿನಲ್ಲಿ ಕ್ಯಾಬ್ ಎಲ್ಲಿದೆ ಎಂದು ನೋಡುತ್ತಲೇ ಚಪ್ಪಲಿ ಮೆಟ್ಟುತ್ತಾರೆ. ಅವಳೂ ತಲುಪಿದ ಮೇಲೆ ಮೆಸೇಜ್ ಹಾಕಿ ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ.

"ಸರೀನಾ ಮಿಸ್?"

"ಸರಿಯಾಗಿದೆ. ಬರಿ."

ಡೈಮಂಡಿನ ಪ್ರಶ್ನೆ ಬದಲಾಯಿತು: ಮತ್ತೆ ಬರುವ ದಿನ ಹೇಳಿದರೇ? 'ಹೌದು' ಎಂಬ ಬಾಣ ಕೊನೆಯ ಮೊಟ್ಟೆಗೆ ಇಳಿಯಿತು. "ಅಪ್ಪಾಡ! ಅತ್ತೆ ರಿಲೀಸ್," ಎಂದಳು ಶ್ರೀಯಾ.

ಗಂಟೆ ಹೊಡೆಯಿತು. ತೇಜಸ್ ಮೇಜಿನ ಹತ್ತಿರ ಬಂದ. ಪ್ರಿನ್ಸಿಪಾಲರ ಕೋಣೆಗೆ ಹೋಗೋಣವೇ ಎಂದು ಕೇಳುತ್ತಾನೆಂದು ವಾಸಂತಿ ಪುಸ್ತಕ ಮುಚ್ಚಿದಳು.

"ಒಂದು ಡೌಟು ಮಿಸ್. ಹೇಳಿದ ದಿನ ಅತ್ತೆ ಬರ್ದೇ ಇದ್ರೆ ಬಾಣ ಎಲ್ಲಿಗೆ ಹೋಗುತ್ತೆ?"

"ಬರ್ದೇ ಇದ್ರೆ ಅಜ್ಜಿ ಏನ್ಮಾಡ್ತಾರೆ?"

"ಫೋನ್ ಮಾಡಿ ಬೈತಾರೆ."

"ಹಾಗಾದ್ರೆ ಅದಕ್ಕೂ ಒಂದು ಚೌಕ ಬೇಕು."

"ನಾಳೆ ಬರ್ಕೊಂಡು ಬರ್ಲಾ?"

"ನಾಳೆ ನೀನು ಕಾಮರ್ಸಲ್ಲಿ ಇರ್ತೀಯಲ್ಲಪ್ಪ. ಅಲ್ಲಿ ಯಾರಿಗೆ ತೋರಿಸ್ತೀಯ?"

ತೇಜಸ್ ಬೋರ್ಡಿನ ಕಡೆ ತಿರುಗಿದ. ಶ್ರೀಯಾ ಡಸ್ಟರ್ ಎತ್ತಿಕೊಂಡಿದ್ದಳು.

"ಏಯ್, ಅಳಿಕ್ಕಾದೇ ಡೀ, ಒರೆಸ್ಬೇಡ! ಇನ್ನೂ ಮುಗಿದಿಲ್ಲ," ಎಂದು ಕೂಗುತ್ತ ಓಡಿಹೋಗಿ ಅವಳ ಕೈಯಿಂದ ಡಸ್ಟರ್ ಕಿತ್ತುಕೊಂಡ.